ಖರ್ಚಿಗೊಂದು ಗೆರೆ, ಕೊಡುವುದಕ್ಕೊಂದು ಪಾಲು

ಸರಳವಾಗಿ ಬದುಕಬೇಕು, ಧಾರಾಳವಾಗಿ ಕೊಡಬೇಕು ಎಂಬ ಎರಡು ಮಾತನ್ನೂ ಸಭೆಯಲ್ಲಿ ಕೇಳದ ಕ್ರೈಸ್ತರಿಲ್ಲ. ಬೇರೆ ಬೇರೆ ಪ್ರಸಂಗಗಳಲ್ಲಿ ಕೇಳುವುದರಿಂದ ಬೇರೆ ಬೇರೆ ವಿಷಯಗಳೆಂದೇ ತಿಳಿದುಬಿಡುತ್ತೇವೆ. ಕೊಡುವ ಉದ್ದೇಶವಿಲ್ಲದ ಸರಳತೆ ಬರೀ ಉಳಿತಾಯವಾಗಿ ನಿಲ್ಲುತ್ತದೆ. ಲೂಕನ ಸುವಾರ್ತೆಯ 12ನೇ ಅಧ್ಯಾಯದ ಸಾಮ್ಯದಲ್ಲಿ ಬರುವ ಐಶ್ವರ್ಯವಂತನ ಕಣಜ ತುಂಬಿದ್ದೂ ಹಾಗೆಯೇ. ಸರಳತೆಯಿಲ್ಲದೆ ಕೊಡಲು ಹೊರಟರೆ ಅದು ಹೆಚ್ಚು ದಿನ ನಡೆಯುವುದಿಲ್ಲ. ತಿಂಗಳ ಕೊನೆಗೆ ಉಳಿದದ್ದನ್ನು ಕೊಡೋಣ ಎಂದುಕೊಂಡವರ ಕೈಯಲ್ಲಿ ಸಾಮಾನ್ಯವಾಗಿ ಏನೂ ಉಳಿದಿರುವುದಿಲ್ಲ. ಇವೆರಡನ್ನೂ ಒಂದೇ ಲೆಕ್ಕದ ಪುಸ್ತಕಕ್ಕೆ ತರುವುದು ಹೇಗೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಇದಕ್ಕೆ ಅತ್ಯಂತ ಸ್ಪಷ್ಟವಾದ ಉದಾಹರಣೆ 18ನೇ ಶತಮಾನದ ಇಂಗ್ಲೆಂಡಿನ ಬೋಧಕ, ಮೆಥೊಡಿಸ್ಟ್ ಪಂಥದ ಸ್ಥಾಪಕ ಜಾನ್ ವೆಸ್ಲಿಯವರಲ್ಲಿ ಸಿಗುತ್ತದೆ. ಪ್ರಸಂಗವೊಂದರಲ್ಲಿ ಅವರು ಆಕ್ಸ್‌ಫರ್ಡಿನ ಒಬ್ಬ ಯುವಕನ ಲೆಕ್ಕ ಕೊಡುತ್ತಾರೆ. ಆ ಯುವಕ ಸ್ವತಃ ವೆಸ್ಲಿಯವರೇ ಎಂದು ಸಾಮಾನ್ಯವಾಗಿ ತಿಳಿಯಲಾಗಿದೆ. ಮೊದಲ ವರ್ಷ ಆದಾಯ 30 ಪೌಂಡು, ಜೀವನಕ್ಕೆ 28, ದಾನಕ್ಕೆ 2. ಮರುವರ್ಷ ಆದಾಯ 60. ಜೀವನಕ್ಕೆ ಮತ್ತೆ 28, ದಾನಕ್ಕೆ 32. ಮೂರನೆಯ ವರ್ಷ 90 ಬಂದಾಗ 62, ನಾಲ್ಕನೆಯ ವರ್ಷ 120 ಬಂದಾಗ 92 ಕೊಟ್ಟಾಯಿತು. ಇಲ್ಲಿ ಕಣ್ಣಿಡಬೇಕಾದದ್ದು 92ರ ಮೇಲಲ್ಲ, ಕದಲದೆ ನಿಂತ 28ರ ಮೇಲೆ. ಆದಾಯ ನಾಲ್ಕು ಪಟ್ಟಾದರೂ ಖರ್ಚಿನ ಗೆರೆ ಜರುಗಲಿಲ್ಲ. ಬಹುಪಾಲು ಮನೆಗಳಲ್ಲಿ ಆಗುವುದು ಇದಕ್ಕೆ ತಿರುಗುಮುರುಗು: ಸಂಬಳ ಏರಿದ ತಿಂಗಳೇ ಖರ್ಚೂ ಏರಿರುತ್ತದೆ, ಕಾಣಿಕೆ ಮಾತ್ರ ಹತ್ತು ವರ್ಷದ ಹಿಂದೆ ಗೊತ್ತುಮಾಡಿದ ಮೊತ್ತದಲ್ಲೇ ಇರುತ್ತದೆ.

ಹಾಗಾದರೆ ಗೆರೆ ಎಲ್ಲಿ ಎಳೆಯಬೇಕು? ಊಹೆಯಿಂದ ಎಳೆದರೆ ಎರಡನೆಯ ತಿಂಗಳಿಗೇ ಅಳಿಸಿಹೋಗುತ್ತದೆ. ಮೊದಲು ಮೂರು ತಿಂಗಳು ಏನನ್ನೂ ಬದಲಿಸದೆ, ಖರ್ಚನ್ನು ಇದ್ದದ್ದು ಇದ್ದ ಹಾಗೆ ಬರೆದಿಡಿ. ನಾಲ್ಕೇ ಅಂಕಣ ಸಾಕು: ಬದುಕಲು ಬೇಕಾದದ್ದು; ಮಾತು ಕೊಟ್ಟದ್ದು (ಸಾಲದ ಕಂತು, ಶಾಲೆ ಫೀಸು, ತಂದೆತಾಯಿಗೆ ಕಳಿಸುವ ಹಣ); ಅನುಕೂಲಕ್ಕೆ ಮಾಡಿದ್ದು; ಇನ್ನೊಬ್ಬರ ಕಣ್ಣಿಗಾಗಿ ಮಾಡಿದ್ದು. ನಾಲ್ಕನೆಯ ಅಂಕಣವನ್ನು ಪ್ರಾಮಾಣಿಕವಾಗಿ ತುಂಬಲು ಗಂಡ ಹೆಂಡತಿ ಇಬ್ಬರೂ ಕೂರಬೇಕು, ಏಕೆಂದರೆ ತನ್ನ ಖರ್ಚು ಮೂರನೆಯ ಅಂಕಣದ್ದು, ಮತ್ತೊಬ್ಬರದು ನಾಲ್ಕನೆಯದು ಎಂದು ಎಲ್ಲರಿಗೂ ಅನಿಸುತ್ತದೆ. ವರ್ಷಕ್ಕೊಮ್ಮೆ ಬರುವ ವಿಮೆ, ದುರಸ್ತಿ, ಪ್ರಯಾಣದಂಥ ಖರ್ಚುಗಳನ್ನು 12ರಿಂದ ಭಾಗಿಸಿ ಪ್ರತಿ ತಿಂಗಳಿಗೂ ಸೇರಿಸಿ. ಈ ಒಂದು ಹೆಜ್ಜೆ ಬಿಟ್ಟುಹೋಗುವುದರಿಂದಲೇ ಎಷ್ಟೋ ಮನೆಯ ಬಜೆಟ್ಟುಗಳು ಕುಸಿಯುತ್ತವೆ, ಕುಸಿದಾಗ ಮೊದಲು ನಿಲ್ಲುವುದು ದಾನ.

ಮೂರು ತಿಂಗಳ ಸರಾಸರಿಯಲ್ಲಿ ಮೊದಲ ಎರಡು ಅಂಕಣ ಪೂರ್ತಿ, ಮೂರನೆಯದರ ಒಂದು ಪಾಲು ಸೇರಿಸಿದರೆ ನಿಮ್ಮ ಗೆರೆ ಸಿಗುತ್ತದೆ. ಮೂರನೆಯದನ್ನು ಸೊನ್ನೆಗೆ ಇಳಿಸಬೇಡಿ. ‘ಅನ್ನವಸ್ತ್ರಗಳಿದ್ದರೆ ಸಾಕು’ ಎಂದು ತಿಮೊಥೆಯನಿಗೆ ಬರೆದ ಪೌಲನೇ ಅದೇ ಅಧ್ಯಾಯದಲ್ಲಿ, ದೇವರು ನಮ್ಮ ಅನುಭೋಗಕ್ಕಾಗಿ ಎಲ್ಲವನ್ನೂ ಹೇರಳವಾಗಿ ಕೊಡುತ್ತಾನೆ ಎಂದೂ ಬರೆದಿದ್ದಾನೆ. ನಗುವುದಕ್ಕೂ ಅತಿಥಿಗಳಿಗೂ ಜಾಗವಿಲ್ಲದ ಮನೆಯಲ್ಲಿ ಮಕ್ಕಳು ವಿಶ್ವಾಸವನ್ನೇ ಜಿಪುಣತನ ಎಂದುಕೊಂಡು ಬೆಳೆಯುತ್ತಾರೆ.

ಖರ್ಚು ತಗ್ಗಿಸುವಾಗ ಜನ ಸಣ್ಣದರಿಂದ ಶುರುಮಾಡುತ್ತಾರೆ. ಒಂದು ಕಪ್ ಕಾಫಿ ಬಿಡುವುದು, ಸೋಪು ಬದಲಿಸುವುದು ಇತ್ಯಾದಿ. ಇದರಿಂದ ದಿನವೂ ಕಿರಿಕಿರಿ, ತಿಂಗಳ ಕೊನೆಗೆ ಉಳಿಯುವುದು ಚೂರುಪಾರು. ದೊಡ್ಡ ಮೊತ್ತ ಕುಳಿತಿರುವುದು ಮನೆಯ ಗಾತ್ರ, ವಾಹನ, ಸಮಾರಂಭಗಳು ಎಂಬ ಮೂರು ಕಡೆ. ವಾಹನವನ್ನು ಇನ್ನೂ ಐದು ವರ್ಷ ಓಡಿಸುವ ಒಂದೇ ತೀರ್ಮಾನ ನೂರು ಸಣ್ಣ ತ್ಯಾಗಗಳಿಗಿಂತ ಹೆಚ್ಚು ಬಿಡಿಸಿಕೊಡುತ್ತದೆ, ಅದನ್ನು ತೆಗೆದುಕೊಳ್ಳಬೇಕಾದದ್ದೂ ಒಂದೇ ಸಲ. ಮಧ್ಯಮ ಗಾತ್ರದ ಕೊಳ್ಳುವಿಕೆಗೆ ಮೂವತ್ತು ದಿನದ ಪಟ್ಟಿ ಚೆನ್ನಾಗಿ ಕೆಲಸ ಮಾಡುತ್ತದೆ. ಬೇಕೆನಿಸಿದ ವಸ್ತುವನ್ನು ತಾರೀಖಿನ ಸಮೇತ ಬರೆದಿಡಿ, ತಿಂಗಳಾದ ಮೇಲೂ ಬೇಕೆನಿಸಿದರೆ ಕೊಳ್ಳಿ. ಪಟ್ಟಿಯಲ್ಲಿರುವ ಬಹಳಷ್ಟರ ನೆನಪೂ ಅಷ್ಟು ಹೊತ್ತಿಗೆ ಉಳಿದಿರುವುದಿಲ್ಲ.

ಎರಡು ಕಡೆ ಮಾತ್ರ ಕೈ ಬಿಗಿಹಿಡಿಯಬಾರದು. ಮನೆಯಲ್ಲಿ ದುಡಿಯುವವರ ಸಂಬಳ ಒಂದು. ಕೂಲಿಯವನ ಕೂಲಿ ಬೆಳಗಿನ ತನಕ ನಿನ್ನಲ್ಲಿ ಉಳಿಯಬಾರದು ಎನ್ನುತ್ತದೆ ಯಾಜಕಕಾಂಡ 19. ಹಿಡಿದಿಟ್ಟ ಕೂಲಿ ಕೂಗುತ್ತದೆ ಎನ್ನುತ್ತಾನೆ ಹೊಸ ಒಡಂಬಡಿಕೆಯ ತನ್ನ ಪತ್ರಿಕೆಯಲ್ಲಿ ಯಾಕೋಬ. ಕೆಲಸದವರ ಸಂಬಳ ಚೌಕಾಸಿ ಮಾಡಿ ಉಳಿಸಿದ್ದನ್ನು ಕಾಣಿಕೆ ಚೀಲಕ್ಕೆ ಹಾಕುವುದು ದಾನವಾಗುವುದಿಲ್ಲ, ಅದು ಅವರದೇ ದುಡ್ಡು. ಇನ್ನೊಂದು, ಮನೆಯ ಒಬ್ಬರ ಬೆನ್ನು. ಸರಳತೆಯ ಹೆಸರಿನಲ್ಲಿ ಬಿಟ್ಟ ಪ್ರತಿ ಸೌಕರ್ಯದ ಕೆಲಸವೂ ಯಾರೋ ಒಬ್ಬರ ಕೈಗೆ ಬರುತ್ತದೆ, ಹೆಚ್ಚಾಗಿ ಹೆಂಗಸರ ಕೈಗೆ. ಆ ಕೆಲಸವನ್ನು ಹಂಚಿಕೊಳ್ಳಲು ತಯಾರಿಲ್ಲದವರು ಆ ಸೌಕರ್ಯವನ್ನು ಬಿಡಿಸಬಾರದು.

ಈಗ ಎಷ್ಟು ಕೊಡಬೇಕು ಎಂಬ ಪ್ರಶ್ನೆ. ದಶಮಾಂಶ ಎಂದರೆ ಹತ್ತರಲ್ಲೊಂದು, ಮುಗಿಯಿತು ಎಂದು ಹೇಳುವವರು ಮೋಶೆಯ ಧರ್ಮಶಾಸ್ತ್ರವನ್ನು ಇನ್ನೊಮ್ಮೆ ಓದಬೇಕು. ಅರಣ್ಯಕಾಂಡ 18ರಲ್ಲಿ ಲೇವಿಯರಿಗೆ, ಅಂದರೆ ದೇವರ ಗುಡಾರದ ಸೇವೆಗೆ ಮೀಸಲಾದ ಕುಲದವರಿಗೆ, ಹತ್ತನೆಯ ಒಂದು ಪಾಲಿದೆ. ಧರ್ಮೋಪದೇಶಕಾಂಡ 14ರಲ್ಲಿ ಕುಟುಂಬವೆಲ್ಲ ದೇವರ ಸನ್ನಿಧಿಯಲ್ಲಿ ಕೂತು ಊಟಮಾಡಿ ಸಂತೋಷಪಡುವ ಹಬ್ಬದ ದಶಮಭಾಗವಿದೆ. ಅದೇ ಅಧ್ಯಾಯದ ಕೊನೆಯಲ್ಲಿ ಮೂರು ವರ್ಷಕ್ಕೊಮ್ಮೆ ಲೇವಿಯರು, ಪರದೇಶಿಗಳು, ಅನಾಥರು, ವಿಧವೆಯರಿಗಾಗಿ ಊರಲ್ಲೇ ಕೂಡಿಡುವ ದಶಮಭಾಗವಿದೆ. ಇವು ಮೂರೂ ಬೇರೆ ಬೇರೆಯೇ, ಒಂದರೊಳಗೊಂದೇ ಎಂಬ ಚರ್ಚೆ ಹಳೆಯದು. ಇದರ ಮೇಲೆ ಹೊಲದ ಅಂಚನ್ನು ಕೊಯ್ಯದೆ ಬಡವರಿಗೆ ಬಿಡಬೇಕೆಂಬ ವಿಧಿಯೂ ಇತ್ತು. ಹೊಸ ಒಡಂಬಡಿಕೆಯ ಸಭೆಗಳಿಗೆ ಪೌಲ ಶೇಕಡಾವಾರು ಹೇಳುವುದೇ ಇಲ್ಲ. ಅವನ ಅಳತೆ ‘ಸಂಪಾದನೆಗೆ ತಕ್ಕಂತೆ’. ನನ್ನ ಅಭಿಪ್ರಾಯದಲ್ಲಿ ಶೇಕಡ 10 ಎಂಬುದು ಸಾಧಾರಣ ಆದಾಯದವರಿಗೆ ಒಳ್ಳೆಯ ಆರಂಭ, ಕಷ್ಟದಲ್ಲಿರುವವರಿಗೆ ಭಾರ, ಅನುಕೂಲಸ್ಥರಿಗೆ ತೀರಾ ಕಡಿಮೆ. ಎಲ್ಲರಿಗೂ ಒಂದೇ ಸಂಖ್ಯೆ ಹೇರಿದರೆ ಬಡವರು ತಪ್ಪಿತಸ್ಥ ಭಾವದಲ್ಲಿ ಬೇಯುತ್ತಾರೆ, ಉಳ್ಳವರು ನೆಮ್ಮದಿಯಾಗಿ ನಿದ್ದೆ ಮಾಡುತ್ತಾರೆ.

ಆದಾಯ ಏರಿದಂತೆ ದಾನದ ಪಾಲೂ ಏರುವ ಲೆಕ್ಕವನ್ನು ಹೀಗೆ ಮಾಡಬಹುದು. ಆದಾಯ 100, ಜೀವನಕ್ಕೆ 90, ದಾನಕ್ಕೆ 10 ಎಂದಿಟ್ಟುಕೊಳ್ಳಿ. ಮುಂದಿನ ವರ್ಷ ಆದಾಯ 120 ಆಯಿತು, ಬೆಲೆಗಳು ಶೇಕಡ 5 ಏರಿದವು. ಮೊದಲು ಬೆಲೆಯೇರಿಕೆ ಕಳೆಯಿರಿ: ಜೀವನ 94.5, ದಾನ 10.5, ಒಟ್ಟು 105. ನಿಜವಾದ ಹೆಚ್ಚಳ ಬರೀ 15. ಅದನ್ನು ಸಮಪಾಲು ಮಾಡಿದರೆ ಜೀವನಕ್ಕೆ 102, ದಾನಕ್ಕೆ 18. ಮನೆಗೂ ಸ್ವಲ್ಪ ಅನುಕೂಲವಾಯಿತು, ದಾನ ಶೇಕಡ 10ರಿಂದ 15ಕ್ಕೆ ಹೋಯಿತು. ವೆಸ್ಲಿಯವರ ಹಾಗೆ ಗೆರೆಯನ್ನು ಪೂರ್ತಿ ಹಿಡಿದಿಡಲು ಆಗದ ಸಂಸಾರಸ್ಥರಿಗೆ ಇದು ನಡೆಯುವ ದಾರಿ. ಬೆಲೆಯೇರಿಕೆ ಕಳೆಯದೆ ಲೆಕ್ಕ ಹಾಕಿದರೆ ಮೂರು ನಾಲ್ಕು ವರ್ಷದಲ್ಲಿ ಮನೆಯ ಖರ್ಚು ಕುತ್ತಿಗೆಗೆ ಬರುತ್ತದೆ, ಹುಮ್ಮಸ್ಸಿನಿಂದ ಶುರುಮಾಡಿದವರು ಬೇಸತ್ತು ಬಿಡುತ್ತಾರೆ.

ಸಾಲವಿದ್ದರೆ? ಕ್ರೆಡಿಟ್ ಕಾರ್ಡಿನಂಥ ಭಾರಿ ಬಡ್ಡಿಯ ಸಾಲ ತಲೆಯ ಮೇಲಿರುವಾಗ ದೊಡ್ಡ ಕಾಣಿಕೆ ಕೊಡುವುದು ಸಾಲಕೊಟ್ಟವನ ದುಡ್ಡಿನಲ್ಲಿ ದಾನ ಮಾಡಿದಂತೆ. ಅಭ್ಯಾಸ ತಪ್ಪದಿರಲು ಶೇಕಡ 1 ಅಥವಾ 2 ಇಟ್ಟುಕೊಂಡು ಮಿಕ್ಕದ್ದನ್ನು ಸಾಲಕ್ಕೆ ಕಟ್ಟಿ. ಸಾಲ ತೀರಿದ ಮರುತಿಂಗಳಿಂದಲೇ ಆ ಕಂತಿನ ಒಂದು ಪಾಲನ್ನು ದಾನಕ್ಕೆ ತಿರುಗಿಸಿ. ಒಂದು ತಿಂಗಳು ತಡವಾದರೂ ಅದು ಮನೆಖರ್ಚಿನಲ್ಲಿ ಕರಗಿರುತ್ತದೆ. ತಂದೆತಾಯಿಯ ವಿಚಾರದಲ್ಲಿ ಯೇಸುಸ್ವಾಮಿಯ ಮಾತು ಕಟುವಾಗಿದೆ. ದೇವರಿಗೆ ಮುಡಿಪು, ಕೊರ್ಬಾನ್ ಎಂದು ಹೇಳಿ ಹೆತ್ತವರಿಗೆ ಕೊಡಬೇಕಾದದ್ದನ್ನು ತಪ್ಪಿಸುವವರನ್ನು ಮಾರ್ಕ 7ರಲ್ಲಿ ನೇರವಾಗಿ ಖಂಡಿಸುತ್ತಾನೆ. ಹಾಗಾಗಿ ಅವರ ಔಷಧಿಯ ಖರ್ಚು ಎರಡನೆಯ ಅಂಕಣಕ್ಕೇ ಸೇರಬೇಕು, ದಾನದ ಪಾಲಿನಿಂದ ತೆಗೆಯುವಂಥದ್ದಲ್ಲ.

ತುರ್ತಿಗೆಂದು ಕೂಡಿಡುವುದು ಅವಿಶ್ವಾಸವಲ್ಲ. ಖಚಿತ ಸಂಬಳದವರು ಮೂರು ತಿಂಗಳ ಖರ್ಚು, ಆದಾಯ ಏರಿಳಿಯುವವರು ಆರು ತಿಂಗಳ ಖರ್ಚು ಇಟ್ಟುಕೊಂಡರೆ ಇನ್ನೊಬ್ಬರ ಮುಂದೆ ಕೈಚಾಚುವ ಪ್ರಸಂಗ ಕಡಿಮೆಯಾಗುತ್ತದೆ. ಅದಕ್ಕೆ ಮೇಲ್ಮಿತಿ ಇರಬೇಕು, ಅಷ್ಟೆ. ಕಣಜ ಕೆಡವಿ ಇನ್ನೂ ದೊಡ್ಡದು ಕಟ್ಟುತ್ತೇನೆಂದ ಆ ಐಶ್ವರ್ಯವಂತನಿಗೆ ಮೇಲ್ಮಿತಿಯೇ ಇರಲಿಲ್ಲ. ನಿಧಿ ತುಂಬಿದ ದಿನ ಅದಕ್ಕೆ ಹೋಗುತ್ತಿದ್ದ ಹಣದ ದಾರಿ ದಾನದ ಕಡೆ ತಿರುಗಲಿ.

ತೆಗೆದಿಡುವ ವಿಧಾನವನ್ನು ಪೌಲ 1 ಕೊರಿಂಥ 16:2ರಲ್ಲಿ ಒಂದೇ ವಾಕ್ಯದಲ್ಲಿ ಹೇಳಿದ್ದಾನೆ: ವಾರದ ಮೊದಲನೆಯ ದಿನ, ಪ್ರತಿಯೊಬ್ಬರೂ, ತಮ್ಮ ಬಳಿಯಲ್ಲೇ, ಸಂಪಾದನೆಗೆ ತಕ್ಕಂತೆ, ತಾನು ಬರುವುದಕ್ಕೆ ಮೊದಲೇ. ಈ ಐದನ್ನೂ ಇಂದಿಗೂ ಹಾಗೆಯೇ ಪಾಲಿಸಬಹುದು. ದಾನಕ್ಕೆಂದೇ ಬೇರೆ ಉಳಿತಾಯ ಖಾತೆ ತೆರೆಯಿರಿ. ಸಂಬಳ ಬಂದ ಮರುದಿನ ತಾನಾಗಿ ಹಣ ಅಲ್ಲಿಗೆ ಹೋಗುವಂತೆ ಬ್ಯಾಂಕಿಗೆ ಸೂಚನೆ ಕೊಡಿ. ದಿನಗೂಲಿ, ವ್ಯಾಪಾರದವರು ಹಣ ಬಂದ ದಿನವೇ ಆ ಮೊತ್ತದ ಪಾಲನ್ನು ತೆಗೆದಿಡುವುದು ಒಳ್ಳೆಯದು. ತಿಂಗಳಿಗಿಷ್ಟು ಎಂದು ಗೊತ್ತುಮಾಡಿಕೊಂಡರೆ ಮಂದವಾದ ತಿಂಗಳಲ್ಲಿ ಸಾಲ ಮಾಡಿ ಕೊಡುವ ಪರಿಸ್ಥಿತಿ ಬರುತ್ತದೆ. ಆ ಖಾತೆಗೆ ಕಾರ್ಡು ಬೇಡ. ಇದರಲ್ಲೂ ಒಂದು ಅಪಾಯವುಂಟು: ಯೋಗ್ಯರು ಯಾರು ಎಂದು ಹುಡುಕುತ್ತಾ ಹಣ ಅಲ್ಲೇ ಬೆಳೆಯತೊಡಗುತ್ತದೆ, ಬೆಳೆದಂತೆ ಕೊಡಲು ಮನಸ್ಸು ಬರುವುದಿಲ್ಲ. ಮೂರು ತಿಂಗಳಿಗೊಮ್ಮೆ ಶಿಲ್ಕು ಸೊನ್ನೆಯಾಗಲೇಬೇಕು ಎಂಬ ನಿಯಮ ಇದನ್ನು ತಡೆಯುತ್ತದೆ.

ಹಂಚುವಿಕೆಗೆ ಅರ್ಧ ಸ್ವಂತ ಸಭೆಗೆ, ಹತ್ತರಲ್ಲಿ ಮೂರು ಪಾಲು ಬಡವರ ನಡುವೆ ಕೆಲಸಮಾಡುವ ಸಂಸ್ಥೆಗೆ, ಹತ್ತರಲ್ಲಿ ಎರಡು ಪಾಲು ಕಣ್ಣೆದುರಿಗೆ ಬರುವ ಕಷ್ಟಕ್ಕೆ ಎಂಬುದು ನಾನು ಸೂಚಿಸುವ ಅನುಪಾತ. ಕೊನೆಯ ಎರಡು ಪಾಲನ್ನು ಯಾವತ್ತೂ ಬಿಡಬೇಡಿ. ಸಂಸ್ಥೆಗೆ ಕೊಟ್ಟಿದ್ದೇನೆ ಎಂಬ ಸಮಾಧಾನದಲ್ಲಿ ಪಕ್ಕದ ಮನೆಯವರ ಕಷ್ಟಕ್ಕೆ ಕಣ್ಣು ಮುಚ್ಚುವುದು ಬಹಳ ಸುಲಭ.

ಕೈಯಾರೆ ಕೊಡುವಾಗ, ಕಳ್ಳರ ಹೊಡೆತಕ್ಕೆ ಸಿಕ್ಕಿ ದಾರಿಯಲ್ಲಿ ಬಿದ್ದಿದ್ದ ಅಪರಿಚಿತನಿಗೆ ನೆರವಾದ ಒಳ್ಳೆಯ ಸಮಾರ್ಯದವನ ಸಾಮ್ಯವನ್ನು ಕಾರ್ಯವಿಧಾನವಾಗಿಯೇ ಓದಬಹುದು. ಮೊದಲು ಗಾಯಕ್ಕೆ ಎಣ್ಣೆ ದ್ರಾಕ್ಷಾರಸ ಹೊಯ್ದು ಕಟ್ಟಿದ, ಅಂದರೆ ತಕ್ಷಣದ ಅಗತ್ಯ. ಆಮೇಲೆ ಛತ್ರಕ್ಕೆ ಕರೆತಂದ, ಅಂದರೆ ಆರೈಕೆ ಬಲ್ಲವರ ಬಳಿಗೆ. ಎರಡು ದಿನಾರಿಯನ್ನು ಛತ್ರದವನಿಗೇ ಕೊಟ್ಟ. ಒಂದು ದಿನಾರಿ ಕೂಲಿಯಾಳಿನ ಒಂದು ದಿನದ ಸಂಬಳ, ಆದ್ದರಿಂದ ಇದು ಎರಡು ದಿನದ ದುಡಿಮೆ. ಹೆಚ್ಚು ಖರ್ಚಾದರೆ ಹಿಂದಿರುಗಿ ಬಂದಾಗ ಕೊಡುತ್ತೇನೆ ಎಂದು ತಿಳಿಸಿ ತನ್ನ ಪ್ರಯಾಣ ಮುಂದುವರಿಸಿದ. ನಮ್ಮಲ್ಲಿ ತಪ್ಪುವುದು ಈ ಕೊನೆಯ ಭಾಗ. ಆಸ್ಪತ್ರೆಗೆ ಸೇರಿಸಿದ ದಿನ ಹತ್ತು ಜನ ಇರುತ್ತಾರೆ, ಮನೆಗೆ ಬಂದ ಮೇಲಿನ ಔಷಧಿ, ಓಡಾಟ, ಕೆಲಸವಿಲ್ಲದ ಎರಡು ತಿಂಗಳು ಯಾರ ನೆನಪಿಗೂ ಬರುವುದಿಲ್ಲ. ಹಾಗಾಗಿ ಮೊದಲ ದಿನವೇ ಎಲ್ಲ ಕೊಟ್ಟುಬಿಡದೆ ಅರ್ಧವನ್ನು ಆರನೆಯ ವಾರಕ್ಕೆ ಉಳಿಸಿಕೊಳ್ಳಿ. ಬಾಡಿಗೆ, ಫೀಸು, ಔಷಧಿಯ ಬಿಲ್ಲನ್ನು ನೇರವಾಗಿ ಅಲ್ಲೇ ಕಟ್ಟಿದರೆ ಪಡೆಯುವವರಿಗೆ ಮುಜುಗರ ಕಡಿಮೆ. ಆದರೆ ಅವರನ್ನು ಕೇಳದೆ ಕಟ್ಟಲು ಹೋಗಬೇಡಿ. ನಾವು ಫೀಸು ಎಂದುಕೊಂಡಿರುತ್ತೇವೆ, ಅವರಿಗೆ ನಾಳೆ ಬೆಳಗ್ಗೆ ಕಟ್ಟಬೇಕಾದ ಬಡ್ಡಿ ಬೇರೆ ಇರುತ್ತದೆ. ಕೊಡುವಾಗ ಫೋಟೋ ಬೇಡ, ಮನೆಯ ಮಕ್ಕಳ ಎದುರಿಗೆ ಬೇಡ, ಸಾಕ್ಷಿ ಹೇಳುವ ಹೊತ್ತಿನಲ್ಲಿ ಅವರ ಹೆಸರೂ ಬೇಡ. ಎಡಗೈಗೆ ತಿಳಿಯಬಾರದು ಎಂಬ ಮಾತು ಫೋನಿನ ಕ್ಯಾಮೆರಾಗೂ ಅನ್ವಯಿಸುತ್ತದೆ.

ಸಾಲವಾಗಿ ಕೇಳಿದರೆ, ಹಿಂದಕ್ಕೆ ಬಾರದಿದ್ದರೂ ಸಂಬಂಧ ಕೆಡದಷ್ಟು ಮೊತ್ತವನ್ನು ಮಾತ್ರ ಕೊಡಿ. ಪುಸ್ತಕದಲ್ಲಿ ಅದನ್ನು ಅಂದೇ ದಾನವೆಂದು ಬರೆದುಬಿಡಿ. ತಿರುಗಿ ಬಂದರೆ ಅದು ಮತ್ತೊಬ್ಬರಿಗೆ. ಜಾಮೀನು ನಿಲ್ಲುವುದು ಬೇರೆ ಮಾತು. ಜ್ಞಾನೋಕ್ತಿಗಳು ಅದರ ವಿರುದ್ಧ ಮತ್ತೆ ಮತ್ತೆ ಎಚ್ಚರಿಸುತ್ತವೆ, ಏಕೆಂದರೆ ಮೊತ್ತಕ್ಕೆ ಮಿತಿಯಿರುವುದಿಲ್ಲ, ಹೊಡೆತ ಬೀಳುವುದು ನಿಮ್ಮ ಮನೆಯವರಿಗೆ.

ಬಟ್ಟೆ ಕೊಡುವುದನ್ನೇ ನೋಡಿ. ಎರಡು ಅಂಗಿಯುಳ್ಳವನು ಇಲ್ಲದವನಿಗೆ ಕೊಡಲಿ ಎಂದ ಸ್ನಾನಿಕನಾದ ಯೋಹಾನ ಹರಿದದ್ದನ್ನು ಕೊಡಲಿ ಎನ್ನಲಿಲ್ಲ. ಒಗೆದು ಪೂರ್ತಿ ಒಣಗಿಸಿ, ಏಕೆಂದರೆ ತೇವ ಉಳಿದ ಒಂದೇ ಬಟ್ಟೆ ಚೀಲದ ಎಲ್ಲದಕ್ಕೂ ಬೂಸ್ಟು ಹಿಡಿಸುತ್ತದೆ. ಗುಂಡಿ, ಜಿಪ್ಪು, ಕಂಕುಳ ಹೊಲಿಗೆ ನೋಡಿ. ಜೇಬುಗಳನ್ನು ಹೊರಗೆಳೆದು ಪರೀಕ್ಷಿಸಿ. ಅಳತೆಯ ಪ್ರಕಾರ ಬೇರೆ ಬೇರೆ ಕಟ್ಟು ಮಾಡಿ ಮೇಲೆ ಚೀಟಿ ಅಂಟಿಸಿ. ಒಳ ಉಡುಪನ್ನು ಹೊಸದಾಗಿ ಕೊಂಡೇ ಕೊಡಬೇಕು. ನೀವು ಇದನ್ನು ತೊಟ್ಟು ಸಭೆಗೆ ಹೋಗುತ್ತೀರಾ ಎಂಬ ಪ್ರಶ್ನೆಗೆ ಇಲ್ಲ ಎಂದರೆ ಅದು ಒರೆಸುವ ಬಟ್ಟೆ. ನೆರೆ, ಭೂಕಂಪದಂಥ ಸಮಯದಲ್ಲಿ ವಿಂಗಡಿಸದೆ ಕಳಿಸಿದ ಹಳೆ ಬಟ್ಟೆಯ ರಾಶಿ ಪರಿಹಾರ ಕೆಲಸದವರ ಜಾಗವನ್ನೂ ಸಮಯವನ್ನೂ ತಿನ್ನುತ್ತದೆ. ಅಲ್ಲಿಂದ ಕೇಳದ ಹೊರತು ಹಣ ಕಳಿಸುವುದೇ ಮೇಲು.

ಉಪವಾಸಕ್ಕೂ ದಾನಕ್ಕೂ ಇರುವ ನಂಟು ಬಹಳ ಹಳೆಯದು. 2ನೇ ಶತಮಾನದ ಕ್ರೈಸ್ತ ಲೇಖಕ ಅರಿಸ್ತಿದೇಸನ ಬರಹದ ಪ್ರಕಾರ, ಕೊಡಲು ಹೆಚ್ಚುವರಿ ಇಲ್ಲದಿದ್ದಾಗ ಆ ಕಾಲದ ಕ್ರೈಸ್ತರು ಎರಡು ಮೂರು ದಿನ ಉಪವಾಸವಿದ್ದು ಬಡವರಿಗೆ ಊಟ ಒದಗಿಸುತ್ತಿದ್ದರು. ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ ಒಂದು ಹೊತ್ತು ಬಿಟ್ಟರೆ ಆ ಊಟದ ಬೆಲೆಯನ್ನು ಅಂದೇ ದಾನದ ಖಾತೆಗೆ ಹಾಕಿ. ಹಾಕದಿದ್ದರೆ ಅದು ಸಂಜೆಯ ತಿಂಡಿಗೆ ಹೋಗುತ್ತದೆ.

ಇನ್ನು ಸಭೆಯ ಕೈಗೆ ಬಂದ ಹಣ. ಸುಮಾರು ಕ್ರಿ.ಶ. 155ರಲ್ಲಿ ಬರೆದ ಕ್ರೈಸ್ತ ಲೇಖಕ, ಹುತಾತ್ಮ ಜಸ್ಟಿನ್, ಭಾನುವಾರದ ಕಾಣಿಕೆ ಸಭೆಯ ಮುಖ್ಯಸ್ಥನ ಬಳಿ ಇರುತ್ತಿತ್ತು, ಅದರಿಂದ ಅನಾಥರು, ವಿಧವೆಯರು, ರೋಗಿಗಳು, ಸೆರೆಯಲ್ಲಿದ್ದವರು, ಪರಊರಿನವರನ್ನು ನೋಡಿಕೊಳ್ಳಲಾಗುತ್ತಿತ್ತು ಎನ್ನುತ್ತಾನೆ. ನಿಮ್ಮ ಸಭೆಯ ವಾರ್ಷಿಕ ಲೆಕ್ಕದಲ್ಲಿ ಈ ಐವರ ಹೆಸರಿನಲ್ಲಿ ಎಷ್ಟು ಹೋಗಿದೆ, ಕಟ್ಟಡ ಮತ್ತು ಧ್ವನಿವರ್ಧಕಕ್ಕೆ ಎಷ್ಟು ಹೋಗಿದೆ ಎಂದು ನೋಡಲು ಸದಸ್ಯರಿಗೆ ಹಕ್ಕಿದೆ. ಎಣಿಕೆ ನಡೆಯಬೇಕಾದದ್ದು ಹೀಗೆ: ಆರಾಧನೆ ಮುಗಿದ ತಕ್ಷಣ, ಅದೇ ಕಟ್ಟಡದಲ್ಲಿ, ಒಂದೇ ಕುಟುಂಬದವರಲ್ಲದ ಇಬ್ಬರು ಎಣಿಸಬೇಕು. ನೋಟು, ನಾಣ್ಯ, ಚೆಕ್ಕು ಬೇರೆ ಬೇರೆ ಬರೆದು, ಒಟ್ಟು ಮೊತ್ತವನ್ನು ಅಕ್ಷರದಲ್ಲೂ ಬರೆದು, ಇಬ್ಬರೂ ಸಹಿ ಹಾಕಬೇಕು. ಹಣ ಬ್ಯಾಂಕು ತೆರೆದ ಮೊದಲ ದಿನವೇ ಪೂರ್ತಿ ಜಮೆಯಾಗಬೇಕು. ಅದರಿಂದಲೇ ತುರ್ತು ಖರ್ಚಿಗೆ ತೆಗೆಯುವ ಅಭ್ಯಾಸ ಶುರುವಾದರೆ ಲೆಕ್ಕ ಮತ್ತೆ ಕೂಡಿಬರುವುದಿಲ್ಲ. ಇದನ್ನು ಅಪನಂಬಿಕೆ ಎಂದು ನೊಂದುಕೊಳ್ಳುವ ಖಜಾಂಚಿಗಳಿಗೆ 2 ಕೊರಿಂಥ 8 ತೋರಿಸಿ. ಯೆರೂಸಲೇಮಿನ ಬಡವರ ಹಣವನ್ನು ಪೌಲ ಒಬ್ಬನೇ ಒಯ್ಯಲಿಲ್ಲ. ತನ್ನ ಜೊತೆಗೆಲಸದವನಾದ ತೀತನ ಜೊತೆ ಇನ್ನಿಬ್ಬರು ಸಹೋದರರನ್ನು ಕಳಿಸುತ್ತಾನೆ, ಯಾರೂ ತಪ್ಪು ಹೊರಿಸಬಾರದೆಂಬ ಕಾರಣವನ್ನೂ ಬರೆಯುತ್ತಾನೆ.

ಯಾರಿಗೆ ಸಿಗಬೇಕು ಎಂಬ ಪಟ್ಟಿಯಲ್ಲೂ ಪಕ್ಷಪಾತ ನುಸುಳುತ್ತದೆ. ಅಪೊಸ್ತಲರ ಕೃತ್ಯಗಳು 6ರಲ್ಲಿ ಗ್ರೀಕ್ ಮಾತಾಡುವ ವಿಧವೆಯರು ದಿನದ ಹಂಚಿಕೆಯಲ್ಲಿ ಬಿಟ್ಟುಹೋದಾಗ ಸಭೆ ಏಳು ಜನರನ್ನು ಆರಿಸಿತು. ಸ್ತೆಫನ, ಫಿಲಿಪ್ಪ, ನಿಕೊಲಾಯ ಸೇರಿ ಏಳೂ ಗ್ರೀಕ್ ಹೆಸರುಗಳು. ಗೊಣಗಿದವರ ಕಡೆಯವರ ಕೈಗೇ ಹಂಚಿಕೆಯನ್ನು ಕೊಟ್ಟರು ಎಂದಾಯಿತು. ಸಹಾಯ ಸಮಿತಿಯಲ್ಲಿ ಬಡ ಕುಟುಂಬದ ಇಬ್ಬರಾದರೂ ಇಲ್ಲದಿದ್ದರೆ, ಕೇಳಲು ಧೈರ್ಯವಿರುವವರಿಗೇ ಪ್ರತಿ ಸಲ ಸಿಗುತ್ತದೆ.

ಕೊಟ್ಟರೆ ನೂರ್ಮಡಿ ಬರುತ್ತದೆ, ಇಂದೇ ಬಿತ್ತಿ ಎಂದು ವೇದಿಕೆಯ ಮೇಲಿಂದ ಒತ್ತಾಯಿಸುವವರ ಬಗ್ಗೆ ಗಟ್ಟಿಯಾಗಿಯೇ ಹೇಳಬೇಕು. ಅವರು ಹೆಚ್ಚಾಗಿ ಎತ್ತಿಕೊಳ್ಳುವುದು ತನ್ನಲ್ಲಿದ್ದ ಎರಡೇ ಕಾಸನ್ನೂ ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಹಾಕಿದ ಬಡ ವಿಧವೆಯ ಕಥೆ. ಮಾರ್ಕ 12ರಲ್ಲಿ ಆ ಕಥೆಗೆ ತಾಗಿದ ಹಿಂದಿನ ವಚನದಲ್ಲೇ ಯೇಸುಸ್ವಾಮಿ ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳನ್ನು ಖಂಡಿಸುತ್ತಾನೆ. ಆಕೆಯ ಭಕ್ತಿಯನ್ನು ಮೆಚ್ಚಿದವನು, ಆಕೆಯ ಕೊನೆಯ ಕಾಸನ್ನು ಕೇಳಿ ಪಡೆಯುವವರನ್ನು ಮೆಚ್ಚಲಿಲ್ಲ. ಪೌಲನೂ ಕೊರಿಂಥದವರಿಗೆ, ಇತರರಿಗೆ ಸುಖ ನಿಮಗೆ ಕಷ್ಟ ಆಗಬೇಕೆಂದಲ್ಲ, ಸಮಾನತೆ ಆಗಬೇಕೆಂದು ಎಂದು ಬಿಡಿಸಿ ಬರೆದ. ಹಾಡು, ಕಣ್ಣೀರಿನ ನಡುವೆ ಬರೆದುಕೊಟ್ಟ ಹರಕೆಯ ಮೊತ್ತಗಳೇ ಆಮೇಲೆ ಬಾಕಿ ಉಳಿಯುವುದು. ದೊಡ್ಡ ಮೊತ್ತ ಬರೆಯುವ ಮುಂಚೆ ಒಂದು ರಾತ್ರಿ ತಡೆಯಿರಿ, ಮನೆಯವರೊಂದಿಗೆ ಮಾತಾಡಿ. ವೈಯಕ್ತಿಕ ಖಾತೆಗೆ ಹಣ ಕೇಳುವ, ರಸೀದಿ ಕೊಡದ, ಆಡಿಟ್ ವರದಿ ತೋರಿಸದ ಸೇವೆಗೆ ಕೊಡಬೇಡಿ, ಅಲ್ಲಿಯ ಬೋಧನೆ ಎಷ್ಟೇ ಚೆನ್ನಾಗಿರಲಿ.

ಕೊನೆಗೆ ಉಯಿಲು. ಬದುಕಿರುವಾಗ ಕ್ರಮವಾಗಿ ಕೊಟ್ಟವರೂ ಇದನ್ನು ಮುಂದೂಡುತ್ತಾರೆ. ದಾನದ ಪಾಲನ್ನು ಮೊತ್ತದಲ್ಲಿ ಬರೆಯದೆ ಶೇಕಡಾವಾರಿನಲ್ಲಿ ಬರೆಯಿರಿ, ಆಸ್ತಿಯ ಬೆಲೆ ಏರಿಳಿದಾಗ ಮಕ್ಕಳಿಗೂ ದಾನಕ್ಕೂ ಅನ್ಯಾಯವಾಗದಂತೆ. ಸಂಸ್ಥೆಯ ನೋಂದಾಯಿತ ಪೂರ್ಣ ಹೆಸರು ಹಾಕಿ. ಅದು ಮುಚ್ಚಿಹೋಗಿದ್ದರೆ ಯಾರಿಗೆ ಎಂದು ಎರಡನೆಯ ಹೆಸರನ್ನೂ ಸೇರಿಸಿ. ಪಾಲು ಪಡೆಯುವವರನ್ನು ಸಾಕ್ಷಿಗಳನ್ನಾಗಿ ಮಾಡಬೇಡಿ, ಸಭಾಪಾಲಕರೂ ಅದರಲ್ಲಿ ಸೇರಿದರು. ಮಕ್ಕಳನ್ನು ಕೂರಿಸಿಕೊಂಡು ಓದಿ ಹೇಳಿ, ಮೂಲಪ್ರತಿ ಎಲ್ಲಿದೆ ಎಂಬುದನ್ನೂ ತಿಳಿಸಿಡಿ.